ಹನ್ನೊಂದನೇ ಮೇಜಿನ ಕರೆ

ಗೋಡೆಯ ಪರದೆಯಲ್ಲಿ ಹನ್ನೊಂದನೇ ಮೇಜಿನ ಕರೆ ಇಪ್ಪತ್ತೊಂದನೇ ನಿಮಿಷಕ್ಕೆ ಕಾಲಿಟ್ಟು ಕೆಂಪಾದಾಗ ಮೇಲ್ವಿಚಾರಕನ ಪಿತ್ತ ನೆತ್ತಿಗೇರಿತು. ವಿಮಾನದಲ್ಲಿ ಓಡಾಡಿ ಗಳಿಸಿದ ಬಹುಮಾನದ ಮೈಲಿಗಳಿಂದ ಕೊಂಡ ಟಿಕೆಟ್ ರದ್ದು ಮಾಡಿಸುವ ಕರೆ ಅದು. ರದ್ದು ಮಾಡಲು ಆರು ನಿಮಿಷ ಧಾರಾಳ. ಅದೂ ಅಲ್ಲಿ ಕೂತವಳು ಮಿಂಚು! ವಿಮಾನ ಕಂಪನಿಯ ಈ ಕರೆ ಕೇಂದ್ರದಲ್ಲಿ ನಾಲ್ಕೇ ನಿಮಿಷಕ್ಕೆ ಕೆಲಸ ಮುಗಿಸಿ ಆ ಹೆಸರು ಗಳಿಸಿದವಳು.

ಇವತ್ತೇ ಆಗಬೇಕಿತ್ತೇ ಇದು? ಸಂಜೆ ದೊಡ್ಡ ಸಾಹೇಬರು ಬರುವವರಿದ್ದರು. ತಂಡದ ಕರೆ-ಸಮಯದ ಸರಾಸರಿ ಹಳ್ಳ ಹಿಡಿಯಲು ಇಂಥದ್ದೊಂದು ಕರೆ ಸಾಕು. ಅವನು ಹೆಡ್‌ಫೋನ್ ಏರಿಸಿಕೊಂಡು ಕದ್ದು ಕೇಳಿದ.

"ತಾಯಿ, ಮೂರನೇ ಸಲ ಹೇಳ್ತಿದ್ದೀನಿ," ಎನ್ನುತ್ತಿದ್ದ ಗಿರಾಕಿ. ಎಂಥ ತಾಳ್ಮೆಯ ಮನುಷ್ಯ! "ಖಾತೆ ನಂದು, ಮೈಲ್ಸ್ ನಂದು. ಹೆಂಡ್ತಿ ನನ್ನ ಕೇಳ್ದೆ ತನಗೂ ಮಗಳಿಗೂ ಟಿಕೆಟ್ ಮಾಡ್ಕೊಂಡಿದ್ದಾಳೆ. ರದ್ದು ಮಾಡಿ, ಅಷ್ಟೇ."

"ಖಂಡಿತ ಸರ್. ಹುಟ್ಟಿದ ತಾರೀಖು ಇನ್ನೊಂದ್ಸಲ ಹೇಳ್ತೀರಾ?"

ಮೇಲ್ವಿಚಾರಕ ಹಲ್ಲು ಕಡಿದ. ನಿಯಮ ಅವನಿಗೆ ಬಾಯಿಪಾಠ. ವಿಮಾನದ ಬಾಗಿಲು ಮುಚ್ಚುವವರೆಗೆ ಖಾತೆದಾರ ಯಾವಾಗ ಬೇಕಾದರೂ ರದ್ದು ಮಾಡಬಹುದು, ಪ್ರಯಾಣಿಕರ ಒಪ್ಪಿಗೆ ಬೇಕಿಲ್ಲ. ಬಾಗಿಲು ಮುಚ್ಚಿತೋ, ಮೈಲಿಯೆಲ್ಲ ಮಣ್ಣುಪಾಲು. ಉಳಿದಿದ್ದು ಎಂಟು ನಿಮಿಷ. ಪಾಪ, ಒಂಬತ್ತು ವರ್ಷ ಊರೂರು ಅಲೆದು ಕೂಡಿಸಿದ್ದ ಎಂಬತ್ತು ಸಾವಿರ ಮೈಲಿ.

"ಅವರು ಆಗ್ಲೇ ಹತ್ತಿ ಕೂತಿರ್ತಾರೆ ಸರ್. ಮೊದ್ಲು ಅವರಿಗೊಂದು ಮಾತು ಹೇಳೋಣ್ವಾ?"

"ಏನೂ ಹೇಳ್ಬೇಡಿ. ಇಳಿಸಿದ್ರೆ ಸಾಕು. ಹೊರಗಡೆ ಕಾರಲ್ಲೇ ಕಾಯ್ತಿದ್ದೀನಿ, ಮನೆಗೆ ಕರ್ಕೊಂಡು ಹೋಗ್ತೀನಿ."

"ಸ್ವಲ್ಪ ಲೈನಲ್ಲಿರಿ ಸರ್."

ಸಂಗೀತ ಶುರುವಾಯಿತು. ಒಂದು ನಿಮಿಷ, ಎರಡು, ನಾಲ್ಕು. ಹೆಂಡತಿಗಾಗಿ ಕಾದು ನಿಂತ ಗಂಡನಿಗೆ ಈ ಪಿಟೀಲು! ಮೇಲ್ವಿಚಾರಕ ದಡಬಡಿಸಿ ಹನ್ನೊಂದನೇ ಮೇಜಿಗೆ ಬಂದ. ಮಿಂಚು ಕೈಕಟ್ಟಿ ಕೂತು ಗಡಿಯಾರ ನೋಡುತ್ತಿದ್ದಳು.

"ಏನಮ್ಮಾ, ಒಂದು ಗುಂಡಿ ಒತ್ತೋಕೆ ಮುಹೂರ್ತ ನೋಡ್ತಿದ್ದೀಯಾ?"

"ಕಂಪ್ಯೂಟರ್ ನಿಧಾನ ಸರ್."

"ಪಕ್ಕದ ಮೇಜಲ್ಲಿ ಚೆನ್ನಾಗೇ ಓಡ್ತಿದೆಯಲ್ಲ!"

"ಇಲ್ಲಿ ನಿಧಾನ ಸರ್." ಅವಳು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಕುರ್ಚಿ ಬಿಟ್ಟು ಏಳಲೂ ಇಲ್ಲ.

"ಏಳು ಮೇಲೆ! ನಾಳೆಯಿಂದ ಬರೋದೇ ಬೇಡ!"

ಇಷ್ಟು ರಂಪವಾದ ಮೇಲೆ ಅವಳು ಎದ್ದಳು. ಅವನು ಗಿರಾಕಿಯ ಕ್ಷಮೆ ಕೇಳಿ, ಟಿಕೆಟ್ ಸಂಖ್ಯೆ ಹೊಡೆದು, ಗುಂಡಿ ಒತ್ತಿದ.

'ಬಾಗಿಲು ಮುಚ್ಚಲಾಗಿದೆ. ರದ್ದತಿ ಸಾಧ್ಯವಿಲ್ಲ.'

"ಕ್ಷಮಿಸಿ ಸರ್, ನಿಮ್ಮ ಮೈಲ್ಸ್ ಹೋಯ್ತು," ಎಂದ, ನಾಚಿಕೆಯಿಂದ ಹಿಡಿಯಷ್ಟಾಗಿ.

"ಮೈಲ್ಸ್ ಹಾಳಾಗ್ಲಿ! ಅವಳನ್ನ ಇಳಿಸ್ರೀ!" ಎಂಬ ಕಿರುಚಾಟಕ್ಕೆ ಅವನು ಹೆಡ್‌ಫೋನ್ ಕಿವಿಯಿಂದ ದೂರ ಹಿಡಿದ. ಕರೆ ಕಡಿಯಿತು.

ಕೋಪ ಬರದೇ ಇರುತ್ತದೆಯೇ ಪಾಪ ಎಂದುಕೊಳ್ಳುತ್ತ, ಮಿಂಚುವನ್ನು ಕೆಲಸದಿಂದ ತೆಗೆಯಲು ಕಾರಣ ಬರೆಯಬೇಕೆಂದು ಆ ಟಿಕೆಟ್ಟಿನ ಹಳೆಯ ಟಿಪ್ಪಣಿ ತೆರೆದ. ಒಂದೇ ಇತ್ತು. ಆ ದಿನ ಬೆಳಿಗ್ಗೆ ಅವಳೇ ಬರೆದದ್ದು:

'ಪ್ರಯಾಣಿಕೆಯ ಕರೆ. ಗಂಡ ಹೊಡೆದು ಮುರಿದ ಅವರ ಕೈಗೆ ಪ್ಲಾಸ್ಟರ್ ಇದೆ, ಮಗುವನ್ನು ಎತ್ತಿಕೊಳ್ಳಲು ನೆರವು ಬೇಕು. ಆತ ಈ ಟಿಕೆಟ್ ರದ್ದು ಮಾಡಬಹುದೇ ಎಂದು ಕೇಳಿದರು. ಬಾಗಿಲು ಮುಚ್ಚುವವರೆಗೆ ಮಾಡಬಹುದು ಎಂದು ತಿಳಿಸಲಾಗಿದೆ.'