ಹಳದಿ ಚಪ್ಪಲಿ ಇಟ್ಟ ಕುರ್ಚಿ

“ಆ ಚಪ್ಪಲಿ ಎತ್ತಿ ಪಕ್ಕಕ್ಕಿಡ್ತೀಯೋ, ಇಲ್ಲ ನಾನೇ ಸಮುದ್ರಕ್ಕೆ ಎಸೀಲೋ?”

ಕೆಂಪು ಈಜುಡುಗೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೊಳದ ಕೆಲಸಗಾರ ಆಲ್ಡ್ರಿಕ್ ಹೆಗಲ ಮೇಲಿದ್ದ ಒದ್ದೆ ಟವೆಲುಗಳ ಹೊರೆ ಇಳಿಸಿದ. ಬೆಳಗಿನಿಂದ ಇದು ಎಷ್ಟನೆಯ ಜಗಳವೋ ದೇವರಿಗೇ ಗೊತ್ತು. ಹಡಗಿನಲ್ಲಿ ಸಾವಿರಾರು ಜನ, ಈಜುಕೊಳದ ಸುತ್ತ ಇರುವುದು ಕೆಲವು ನೂರು ಒರಗು ಕುರ್ಚಿ. ಬೆಳಕು ಹರಿಯುವ ಮೊದಲೇ ಬಂದು ಟವೆಲು, ಪುಸ್ತಕ, ಚಪ್ಪಲಿ ಇಟ್ಟು ಕುರ್ಚಿ ಹಿಡಿಯುವುದು ಈ ಪ್ರಯಾಣಿಕರ ಚಾಳಿ. ಅರ್ಧ ಗಂಟೆ ಯಾರೂ ಬಾರದಿದ್ದರೆ ಸಾಮಾನು ಎತ್ತಿಡಬೇಕೆಂಬುದು ಹಡಗಿನ ನಿಯಮ. ಎತ್ತಿದರೆ ಒಬ್ಬರ ಬೈಗುಳ, ಎತ್ತದಿದ್ದರೆ ಇನ್ನೊಬ್ಬರದು. ಅತ್ತ ದರಿ, ಇತ್ತ ಪುಲಿ.

ಈ ಕುರ್ಚಿಯ ಮೇಲಿದ್ದದ್ದು ಒಂದು ಜೊತೆ ಹೆಂಗಸರ ಹಳದಿ ಚಪ್ಪಲಿ. ಹಡಗು ಮಯಾಮಿ ಬಿಟ್ಟ ದಿನದಿಂದಲೂ ದಿನಾ ಇಲ್ಲೇ ಇತ್ತು. ಅದರ ಒಡತಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಹ್ಯಾಸ್ಕೆಲ್ ಎಂಬ ಮುದುಕ ಅಂಗಾತ ಬಿದ್ದಿದ್ದ. ಬೋಳುತಲೆ ಬಿಸಿಲಿಗೆ ಬೆಂದು ಸಿಪ್ಪೆ ಏಳುತ್ತಿತ್ತು. ಒಂದು ಟೋಪಿ ಹಾಕಿಕೊಳ್ಳಬೇಕೆಂಬ ಖಬರೂ ಇರಲಿಲ್ಲ ಪುಣ್ಯಾತ್ಮನಿಗೆ.

“ಸರ್, ಅರ್ಧ ಗಂಟೆ ಮೇಲಾಯ್ತು. ಈ ಚಪ್ಪಲಿ ಯಾರದ್ದು?”

“ನನ್ನ ಹೆಂಡ್ತೀದು.” ಮುದುಕನ ಕಣ್ಣು ಬಿಸಿಲಿಗೋ ಏನೋ ತೇವವಾಗಿತ್ತು. “ಇರ್ಲಿ ಬಿಡು ತಮ್ಮಾ. ನಲವತ್ತು ವರ್ಷ ಪಕ್ಕದಲ್ಲೇ ಕೂತು ಮಾತಾಡಿದ್ಲು. ಈಗ ನೋಡು, ಒಂಚೂರೂ ಸದ್ದಿಲ್ಲ.”

ಚಪ್ಪಲಿಗೆ ಚಾಚಿದ್ದ ಆಲ್ಡ್ರಿಕ್‌ನ ಕೈ ಅಲ್ಲೇ ನಿಂತಿತು. ಅವನ ಊರು ಸೇಂಟ್ ವಿನ್ಸೆಂಟ್ ದ್ವೀಪ. ಅವನು ಹಡಗಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ, ಮಣ್ಣಿಗೂ ಹೋಗಲಾಗಲಿಲ್ಲ. ಅಮ್ಮ ಇಂದಿಗೂ ಅಪ್ಪನ ಕುರ್ಚಿಯ ಮೇಲೆ ಅವನ ಅಂಗಿ ಮಡಿಸಿಡುತ್ತಾಳೆ. ಪಾದ್ರಿ ಬಂದರೂ ಬೆಂಚೇ ಗತಿ.

“ಪಾಪ, ಹೆಂಡತಿ ಹೋಗ್ಬಿಟ್ಟಿದಾರೆ ಅನ್ಸುತ್ತೆ ಮೇಡಂ,” ಎಂದು ಅವನು ಕೆಂಪು ಈಜುಡುಗೆಯವಳಿಗೆ ಮೆಲ್ಲಗೆ ಹೇಳಿದ.

“ಸತ್ತೋರಿಗೂ ಕುರ್ಚಿ ಬೇಕಾ?” ಎಂದವಳೇ ದೂರು ಕೊಡಲು ನಡೆದಳು.

ಮೇಲ್ವಿಚಾರಕ ಗೋರಾನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ನಿನ್ನ ಕರುಣೆ ಎಲ್ಲಾ ನಿಮ್ಮೂರಲ್ಲಿ ಇಟ್ಕೋ ಮಾರಾಯ. ಇವತ್ತಿಂದ ಹಡಗಿನ ಹಿಂದಿನ ತುದಿಯ ಕೊಳ ನಿಂದು. ಇನ್ನೊಂದು ದೂರು ಬಂತೋ, ಮಯಾಮೀಲಿ ಇಳಿಸಿ ವಿಮಾನ ಹತ್ತಿಸ್ತೀನಿ.”

ಕೆಲಸ ಹೋದರೆ ಮನೆಯ ಸೂರೂ ಹೋದ ಹಾಗೆ. ನಿಜ ಹೇಳಬೇಕೆಂದರೆ ಸೂರು ಹೋಗಿ ವರ್ಷವೇ ಆಗಿತ್ತು, ಚಂಡಮಾರುತ ಎತ್ತಿಕೊಂಡು ಹೋಗಿತ್ತು. ಅಮ್ಮ ತಾಡಪಾಲಿನ ಕೆಳಗೆ ಮಲಗುತ್ತಿದ್ದಳು. ಈ ಸಲದ ಕರಾರು ಮುಗಿದರೆ ತಗಡು ಹೊದಿಸಬಹುದಿತ್ತು. ಅದಕ್ಕೇ ಈ ಉರಿಬಿಸಿಲು, ಈ ಒದ್ದೆ ಟವೆಲು, ಈ ನಗುಮುಖ. ಮೂರರಲ್ಲಿ ನಗುವುದೇ ಅವನಿಗೆ ಹೆಚ್ಚು ಸುಸ್ತು.

ಹಿಂದಿನ ಕೊಳಕ್ಕೆ ನಡೆಯುವಷ್ಟರಲ್ಲೇ ಕಾಲು ಸೋತವು. ಇಷ್ಟು ದೊಡ್ಡ ಹಡಗಿನಲ್ಲಿ ಗಂಡ ಹೆಂಡತಿ ತಿಂಡಿ ಹೊತ್ತಿಗೆ ತಪ್ಪಿಸಿಕೊಂಡರೆ ರಾತ್ರಿ ಊಟಕ್ಕೆ ಸಿಕ್ಕರೆ ಪುಣ್ಯ ಎಂದು ಅಡುಗೆಯವರು ತಮಾಷೆ ಮಾಡುವುದು ಸುಮ್ಮನೆ ಅಲ್ಲ.

ಅಲ್ಲಿ ಹೋಗಿ ನೋಡಿದರೆ ಒಬ್ಬಳು ಮುದುಕಿ. ಬರಿಗಾಲು. ಕೊಂಡ ಹಾಯುವವಳ ಹಾಗೆ ಕಾದ ನೆಲದ ಮೇಲೆ ಎಗರುತ್ತಾ ಬಂದು ತನ್ನ ಕುರ್ಚಿಗೆ ಬಿದ್ದಳು. ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಒಂದು ಗಂಡಸರ ಹುಲ್ಲು ಟೋಪಿ.

ಆಲ್ಡ್ರಿಕ್‌ಗೆ ಅಳುವೇ ಬಂತು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು.

“ಅಮ್ಮಾ, ಈ ಟೋಪಿ...”

“ನಮ್ಮ ಯಜಮಾನ್ರದು ಕಣಪ್ಪ. ಮುಟ್ಬೇಡ.” ಅವಳು ನಿಟ್ಟುಸಿರಿಟ್ಟಳು. “ಮಧ್ಯಾಹ್ನ ಆದ್ರೆ ಪಕ್ಕದಲ್ಲೇ ಗೊರಕೆ ಹೊಡೀತಿದ್ರು. ಈಗ ಅಲೆ ಸದ್ದು ಕೇಳ್ಸುತ್ತೆ ನೋಡು.”

ಅವಳ ಮಾತು ಮುಗಿಯುವ ಮೊದಲೇ ಬಿಯರ್ ಹಿಡಿದ ದಢೂತಿಯೊಬ್ಬ ಅಡ್ಡ ಬಂದ. “ಆಗಿಂದ ಕಾಯ್ತಿದೀನಿ. ಟೋಪಿ ತೆಗೀತೀಯೋ, ನಿಮ್ಮ ಸಾಹೇಬನ್ನ ಕರೀಲೋ?”

ಕರೆಯುವ ಅಗತ್ಯವೇ ಬೀಳಲಿಲ್ಲ. ಗೋರಾನ್‌ನ ಬಿಳಿ ಸಮವಸ್ತ್ರ ಮೆಟ್ಟಿಲ ಮೇಲೆ ಕಾಣಿಸಿತು. ದಢೂತಿ ಕೈಯೆತ್ತಿ ಅವನನ್ನು ಕರೆದ.

ಆಲ್ಡ್ರಿಕ್ ಟೋಪಿಯ ಅಂಚಿಗೆ ಕೈ ಹಾಕಿದ. ಎತ್ತಿಬಿಡು, ತಗಡು ನೆನೆಸಿಕೋ ಎಂದು ತನಗೇ ಹೇಳಿಕೊಂಡ. ಆದರೆ ನೆನಪಾದದ್ದು ಅಪ್ಪನ ಅಂಗಿ. ಯಾರೋ ಅದನ್ನು ಹೀಗೇ ಎತ್ತಿ ಮೂಲೆಗೆ ಎಸೆದರೆ ಅಮ್ಮನ ಮುಖ ಹೇಗಾದೀತು? ಕೈ ಹಿಂದೆಗೆದ. ಹಾಳಾಗಿ ಹೋಗಲಿ ಕೆಲಸ.

“ಯಾರೂ ಇದನ್ನ ಮುಟ್ಟಲ್ಲ ಅಮ್ಮಾ,” ಎಂದ. “ನಾನು ಬಿಡಲ್ಲ.”

ಗೋರಾನ್ ಹತ್ತಿರವೇ ಬಂದುಬಿಟ್ಟಿದ್ದ. ಮುದುಕಿ ಆಲ್ಡ್ರಿಕ್‌ನನ್ನು ಮೆಚ್ಚುಗೆಯಿಂದ ನೋಡಿದಳು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಹಂಗೇ ಇನ್ನೊಂದು ಉಪಕಾರ ಮಾಡು. ಮುಂದಿನ ಕೊಳದ ಹತ್ರ ಬೋಳುತಲೆ ಸುಟ್ಕೊಂಡು ಬಿದ್ದಿರ್ತಾರಲ್ಲ ನಮ್ಮನೆಯವರು, ಅವರ ಹತ್ರ ನನ್ನ ಹಳದಿ ಚಪ್ಪಲಿ ಇಸ್ಕೊಂಡು ಬಾ, ಅಂಗಾಲೆಲ್ಲಾ ಬೊಬ್ಬೆ ಎದ್ದಿದೆ. ನಾನೆಲ್ಲಿದೀನಿ ಅಂತ ಮಾತ್ರ ಹೇಳ್ಬೇಡ.”