ಹಿಂದೆ ನಡೆದು ಬಂದ ಸಿಮ್

ಮಧ್ಯಾಹ್ನ ಹನ್ನೆರಡಕ್ಕೆ ಸ್ಯಾನ್ ಮರಿನೊದ ಕೋಟೆ ಮೆಟ್ಟಿಲಲ್ಲಿ ವಾರಿಜಾಳ ವಿಡಿಯೊ ಕರೆ ನಿಂತಿತು. ಆ ದೇಶದಲ್ಲಿ ಮೊಬೈಲ್ ಟವರುಗಳಿಲ್ಲ. ಪ್ರವಾಸಿಗರ ಇ-ಸಿಮ್‌ಗೆ ಡೇಟಾ ಹಾಯುವುದು ಜೊತೆಗೆ ನಡೆಯುವ ಸ್ಥಳೀಯರೊಬ್ಬರ ಮೈಯ ಮೂಲಕ. ಅವಳ ಪಾಲಿಗೆ ಬಂದವರು ಮುದುಕ ಎನ್ನಿಯೊ. ಬೆಳಗಿನಿಂದ ಅವಳು ಹುಬ್ಬಳ್ಳಿಯ ತಂಗಿಗೆ ಊರೆಲ್ಲ ತೋರಿಸುತ್ತಿದ್ದಳು.

“ಅಕ್ಕಾ, ಹಿಂದ ತೇಕಾಕತ್ತಾನಲ್ಲ, ಯಾರವಾ?” ಎಂದು ತಂಗಿ ಕೇಳಿದ್ದಳು.

“ನನ್ನ ಸಿಮ್ಮು. ಹಳೇ ಮಾಲು ಕೊಟ್ಟಾರ ನೋಡು!” ಇಬ್ಬರೂ ನಕ್ಕಿದ್ದರು.

ಈಗ ಎನ್ನಿಯೊ ಎದೆ ಹಿಡಿದು ಕುಳಿತಿದ್ದರು. “ಹಳೆಯದೇ,” ಎಂದರು ಇಂಗ್ಲಿಷಿನಲ್ಲಿ. “ಸ್ವಲ್ಪ ತಡೆದರೆ ಸಿಗ್ನಲ್ ಮತ್ತೆ ಸಿಗುತ್ತದೆ.”

ಮೈಯಲ್ಲಿ ಹಾದುಹೋದ ಮಾತಿನ ಅರ್ಥವೂ ಅವರಿಗೆ ತಿಳಿಯುತ್ತದೆಂದು ವಾರಿಜಾಳಿಗೆ ಆಗ ಹೊಳೆಯಿತು. ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ತಂಗಿ ಮತ್ತೆ ಕರೆ ಮಾಡಿದಳು. ಎನ್ನಿಯೊ ಅವರ ಮೈ ನಡುಗಿತು. ಕರೆ ಬೇಡವೆಂದು ತಂಗಿಗೆ ಹೇಳಲೂ ಅವರ ಮೈಯೇ ಬೇಕಿತ್ತು. ವಾರಿಜಾ ಫೋನ್ ಆಫ್ ಮಾಡಿದಳು.

ಮೂರು ಗಂಟೆಗೆ ಬಸ್ ನಿಲ್ದಾಣದಲ್ಲಿ ಸಿಮ್ ಕಂಪನಿಯವರು ಎನ್ನಿಯೊ ಅವರನ್ನು ನಾಲ್ವರ ಪ್ರವಾಸಿ ಕುಟುಂಬವೊಂದಕ್ಕೆ ಜೋಡಿಸಿದರು.