ಮೂರನೇ ಸಾಲಿನ ನಿಲುಗಡೆ

ಚಿಕ್ಕಪ್ಪನ ಎದೆಗೆ ಹಚ್ಚುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಬೆರಳುಗಳು ತಂತಿ ಹುಡುಕುತ್ತವೆ.

ಯುದ್ಧದಿಂದ ಮರಳುವಾಗ ಅವನು ಒಂದು ಗಿಟಾರನ್ನೂ ವಾಸಿಯಾಗದ ಕೆಮ್ಮನ್ನೂ ತಂದಿದ್ದ. ಯಾರೋ ಸಿಪಾಯಿ ನುಡಿಸಿದ್ದನ್ನು ಕೇಳಿ ಅವನು ಕಲಿತಿದ್ದ ಒಂದೇ ಹಾಡನ್ನು, ಅವನಿಂದ ಕೇಳಿ ಕೇಳಿಯೇ ನಾನೂ ಕಲಿತೆ. ಬರೆದಿಟ್ಟದ್ದೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಸಮೇತನಹಳ್ಳಿಯ ನಮ್ಮ ಜಗಲಿಯಲ್ಲಿ, ತುಕ್ಕು ತಂತಿ ಬೆರಳು ಕೊಯ್ಯುತ್ತಿದ್ದರೂ, ಮೊದಲ ಸಲ ಪೂರ್ತಿ ನುಡಿಸಿದೆ.

"ಮೂರನೇ ಸಾಲಲ್ಲಿ ಯಾಕವ್ವಾ ಒಂದ್ಗಳಿಗೆ ನಿಲ್ಲಿಸ್ದೆ?" ಎಂದ ಚಿಕ್ಕಪ್ಪ.

"ನೀನೂ ಅಲ್ಲೇ ನಿಲ್ಲಿಸ್ತೀಯಲ್ಲ ಚಿಕ್ಕಪ್ಪ."

ಅವನು ಎದೆ ನೀವಿಕೊಂಡ. "ಅದು ಹಾಡಲ್ಲ ಕಣವ್ವಾ. ಅಷ್ಟೊತ್ತಿಗೆ ನಂಗೆ ಕೆಮ್ಮು ಬರುತ್ತೆ, ಅದಕ್ಕೆ. ನೀನು ನಿಲ್ಲಿಸ್ಬೇಡ."

ರಾಗಿ ಕೇರುತ್ತಿದ್ದ ಅಜ್ಜಿಯ ಮೊರ ನಿಂತಿತು.

"ಹಂಗೇ ಬಾರಿಸ್ಲಿ ಬಿಡೋ," ಎಂದಳು, ಮಗನ ಕಡೆ ನೋಡದೆ. "ನಿಂದು ಅಂತ ಅಷ್ಟಾದ್ರೂ ಉಳೀಲಿ."